ಶಿವಗಂಗೆ: ಮಂಡಿ ನೋವಿರುವ ಅಮ್ಮನನ್ನು ಎಲ್ಲಿವರೆಗೆ ಹತ್ತಿಸಬಹುದು? ತುಪ್ಪ ಬೆಣ್ಣೆಯಾಗುವುದು ನಿಜವಾ?

ಹಳೇಸ್ಕೂಟರ್
ಅಮ್ಮನಿಗೆ 68 ವರ್ಷ, ಎಡಗಾಲಿನ ಮಂಡಿ ನೋವಿದೆ. ಶಿವಗಂಗೆಯ ಗಂಗಾಧರೇಶ್ವರನಿಗೆ ತುಪ್ಪದ ಅಭಿಷೇಕ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದಾರೆ. ಏತಕ್ಕೆ ಹೊತ್ತರು ಎಂದು ಕೇಳಿದರೆ ಬಾಯಿ ಬಿಡುತ್ತಿಲ್ಲ.

ನನ್ನ ತಮ್ಮ ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಅಲ್ಲಿ ಹತ್ತಿದ್ದಾನೆ. "ಅಮ್ಮನನ್ನಾ? ತಲೆ ಕೆಟ್ಟಿದೆಯಾ ನಿನಗೆ? ಕಂಬಿ ಹಿಡಿದುಕೊಂಡು ನಾವೇ ಒದ್ದಾಡಿದ್ದೇವೆ" ಎನ್ನುತ್ತಾನೆ. ಅಮ್ಮನನ್ನು ಕೇಳಿದರೆ, "ನೀನು ಹೊಟ್ಟೆಯಲ್ಲಿದ್ದಾಗ ಹೋಗಿ ಬಂದಿದ್ದೇನೆ, ಅದೇನು ಮಹಾ ಹತ್ತೋದು" ಎನ್ನುತ್ತಾರೆ. ಇಬ್ಬರಲ್ಲಿ ಒಬ್ಬರು ಓಳು ಬಿಡುತ್ತಿರಬೇಕು.

ಇನ್ನೊಂದು. ಲಿಂಗದ ಮೇಲೆ ತುಪ್ಪ ಹಾಕಿ ಉಜ್ಜಿದರೆ ಬೆಣ್ಣೆಯಾಗುತ್ತದೆ ಎನ್ನುತ್ತಾರಲ್ಲ, ಕಣ್ಣಾರೆ ನೋಡಿದವರು ಇದ್ದೀರಾ? ತಮ್ಮ "ಅದೆಲ್ಲ ಸುಮ್ನೆ" ಅಂದ. ಅಮ್ಮ ಅವನ ಜೊತೆ ಮಾತು ಬಿಟ್ಟಿದ್ದಾರೆ. ಮನೆಯಲ್ಲಿ ಈಗ ನಾನೇ ಪೋಸ್ಟ್‌ಮ್ಯಾನ್.

ದಾಬಸ್‌ಪೇಟೆಲೋಕಲ್
ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ ಅಣ್ಣಾ. ಅಮ್ಮ ಹೋಗಿದ್ದು ದೇವಸ್ಥಾನಕ್ಕೆ. ನಿಮ್ಮ ತಮ್ಮ ಹೋಗಿದ್ದು ಬೆಟ್ಟಕ್ಕೆ.

ಬೆಂಗಳೂರಿನಿಂದ ಬರುವವರಿಗೆ ಈ ಗೊಂದಲ ಯಾವಾಗಲೂ ಇದ್ದದ್ದೇ. ಗಂಗಾಧರೇಶ್ವರ ಬೆಟ್ಟದ ತುದಿಯಲ್ಲಿಲ್ಲ. ಕೆಳಭಾಗದಲ್ಲೇ ಗವಿಯೊಳಗೆ ಇದ್ದಾನೆ. ಊರಿನಿಂದ ಅಗಲವಾದ ಕಲ್ಲಿನ ಮೆಟ್ಟಿಲು ಹತ್ತಿದರೆ ದೇವಸ್ಥಾನ ಸಿಕ್ಕೇಬಿಡುತ್ತದೆ. ಹೊನ್ನಾದೇವಿ ಅಮ್ಮನ ಗುಡಿಯೂ ಅಲ್ಲೇ, ಅದೂ ಗವಿಯೇ. ಕೂತು ಎದ್ದು ನಿಧಾನವಾಗಿ ಹೋದರೆ ಅಮ್ಮನಿಗೆ ತೊಂದರೆ ಇಲ್ಲ. ನಮ್ಮ ಊರಿನ ಅಜ್ಜಿಯರು ಸೋಮವಾರ ಸೋಮವಾರ ಹೋಗುತ್ತಾರೆ.

ಕಂಬಿ, ಒದ್ದಾಟ, ಕೋತಿ ಕಾಟ, ಕಡಿದಾದ ಬಂಡೆ, ಇದೆಲ್ಲ ಅಲ್ಲಿಂದ ಮೇಲೆ. ಒಳಕಲ್ಲು ತೀರ್ಥ, ಆಮೇಲೆ ತುದಿಯ ನಂದಿ, ತೀರ್ಥದ ಕಂಬ. ಅಭಿಷೇಕಕ್ಕೂ ಅದಕ್ಕೂ ಸಂಬಂಧವಿಲ್ಲ. ಅಮ್ಮನನ್ನು ಕೆಳಗಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಬೇಕಿದ್ದರೆ ತಮ್ಮನನ್ನು ಮೇಲಕ್ಕೆ ಅಟ್ಟಿ.

ಮಾಗಡಿರೋಡ್
ಮೇಲಿನವರು ಹೇಳಿದ್ದೇ ಸರಿ. ಒಂದೇ ಎಚ್ಚರಿಕೆ. ಮೆಟ್ಟಿಲು ಕಡಿಮೆ ಎಂದರೂ ಒಂದೊಂದು ಎತ್ತರವಾಗಿವೆ. ಮಂಡಿ ನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಜಾಸ್ತಿ ಕಷ್ಟ. ಕೋಲು ಕೊಡಿ. ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆ ದಾಟಿದರೆ ಕಲ್ಲು ಕಾದು ಬರಿಗಾಲು ಇಡಲಾಗುವುದಿಲ್ಲ.

ತುಪ್ಪದದೋಸೆ
ಕಣ್ಣಾರೆ ನೋಡಿದ್ದೇನೆ. ಕೈಯಾರೆ ತಿಂದೂ ಇದ್ದೇನೆ. ಮನೆಯಲ್ಲಿ ಕಾಯಿಸಿದ ತುಪ್ಪವನ್ನೇ ತೆಗೆದುಕೊಂಡು ಹೋಗಿದ್ದೆವು. ಅರ್ಚಕರು ಅದನ್ನು ಲಿಂಗದ ಮೇಲೆ ಹಾಕಿ ಅಂಗೈಯಿಂದ ಉಜ್ಜಿದರು. ಹಳದಿ ತುಪ್ಪ ಬಿಳಿ ಆಯಿತು, ಗಟ್ಟಿಯಾಯಿತು. ಅದನ್ನೇ ಪ್ರಸಾದ ಎಂದು ಕೊಟ್ಟರು. ನಮ್ಮತ್ತೆ ಅದನ್ನು ಡಬ್ಬಿಗೆ ಹಾಕಿಟ್ಟುಕೊಂಡು ತಿಂಗಳುಗಟ್ಟಲೆ ಕಾಲಿಗೆ ಹಚ್ಚಿದರು. ಔಷಧಿ ಗುಣ ಇದೆ ಎನ್ನುತ್ತಾರೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಲ್ಯಾಬ್‌ಕೋಟು
ಬಿಳಿ ಆಗುವುದು ನಿಜ. ಬೆಣ್ಣೆ ಆಗುವುದು ಸುಳ್ಳು.

ತುಪ್ಪ ಎಂದರೆ ಹೆಚ್ಚೂಕಡಿಮೆ ಪೂರ್ತಿ ಕೊಬ್ಬು. ಬೆಣ್ಣೆಯಲ್ಲಿ ನೂರಕ್ಕೆ 80 ಭಾಗ ಕೊಬ್ಬು, 16 ಭಾಗದಷ್ಟು ನೀರು, ಉಳಿದದ್ದು ಹಾಲಿನ ಅಂಶ. ಕಾಯಿಸಿದಾಗ ಆ ನೀರು ಹೋಗಿ, ಹಾಲಿನ ಅಂಶ ಗಸಿಯಾಗಿ ತಳದಲ್ಲಿ ನಿಂತು, ತುಪ್ಪವಾಗುತ್ತದೆ. ಗಸಿ ಮತ್ತೆ ವಾಪಸು ಬರಲು ಸಾಧ್ಯವಿಲ್ಲ. ಆದರೆ ನೀರು ಮತ್ತು ಗಾಳಿ ವಾಪಸು ಸೇರಬಹುದು. ಗವಿಯ ಒಳಗೆ ತಂಪು. ಕಲ್ಲು ಇನ್ನೂ ತಂಪು. ಲಿಂಗಕ್ಕೆ ಜಲಾಭಿಷೇಕ ಆಗಿರುತ್ತದೆ, ಒದ್ದೆ ಇರುತ್ತದೆ. ಅದರ ಮೇಲೆ ತುಪ್ಪ ಹಾಕಿ ಉಜ್ಜಿದರೆ ಸಣ್ಣ ಸಣ್ಣ ನೀರಿನ ಹನಿ, ಗಾಳಿಯ ಗುಳ್ಳೆ ಕೊಬ್ಬಿನೊಳಗೆ ಸೇರಿ ಬೆಳ್ಳಗೆ, ಮೆತ್ತಗೆ, ಬೆಣ್ಣೆಯ ಹಾಗೆ ಕಾಣುತ್ತದೆ.

ಅಜ್ಜಿಮನೆ
ಆಯುರ್ವೇದದಲ್ಲಿ ಇದು ಹಳೆಯ ವಿಷಯ. ಶತಧೌತ ಘೃತ ಎನ್ನುತ್ತಾರೆ. ತಾಮ್ರದ ತಟ್ಟೆಯಲ್ಲಿ ತುಪ್ಪಕ್ಕೆ ತಣ್ಣೀರು ಹಾಕಿ ಉಜ್ಜುವುದು, ನೀರು ಚೆಲ್ಲುವುದು, ಮತ್ತೆ ಹಾಕುವುದು. ಹೀಗೆ ನೂರು ಸಲ. ಕೊನೆಗೆ ತುಪ್ಪದ ವಾಸನೆಯೂ ಹೋಗಿ ಬೆಳ್ಳಗಿನ ಮುಲಾಮು ಸಿಗುತ್ತದೆ. ಸುಟ್ಟ ಗಾಯಕ್ಕೆ, ಚರ್ಮ ಉರಿಗೆ ಹಚ್ಚುತ್ತಿದ್ದರು. ಪ್ರಸಾದವನ್ನು ಮೈಗೆ ಹಚ್ಚಿಕೊಳ್ಳುವ ರೂಢಿ ಹೇಗೆ ಬಂತು ಎಂದು ನನಗೆ ಆಗಲೇ ಅನ್ನಿಸಿತ್ತು. ಈಗ ಅಂಗಡಿಯಲ್ಲಿ ಅದನ್ನೇ ಕ್ರೀಮ್ ಎಂದು ಸಣ್ಣ ಡಬ್ಬಿಯಲ್ಲಿ ತುಂಬಿ ಸಿಕ್ಕಾಪಟ್ಟೆ ಬೆಲೆಗೆ ಮಾರುತ್ತಾರೆ.

ಸುಮ್ನಿರಪ್ಪ
ಬಂದರು ನೋಡಿ ವಿಜ್ಞಾನಿಗಳು. ನೂರು ಸಲ ತೊಳೆದರೆ ಆಗುವುದು ಅಲ್ಲಿ ಎರಡು ನಿಮಿಷದಲ್ಲಿ ಹೇಗೆ ಆಗುತ್ತದೆ? ಅದನ್ನು ಹೇಳಿ ಮೊದಲು.

ಲ್ಯಾಬ್‌ಕೋಟು
@ಸುಮ್ನಿರಪ್ಪ ಔಷಧಿಯ ಹದಕ್ಕೆ ಬರಲು ನೂರು ಸಲ ಬೇಕು. ಬಣ್ಣ ಬದಲಾಗಲು ನಾಲ್ಕೈದು ಸಲ ಸಾಕು. ಮನೆಯಲ್ಲೇ ಮಾಡಿ ನೋಡಿ. ಒರಳುಕಲ್ಲು ಇದ್ದರೆ ಬೆಳಗಿನ ಜಾವ ತಣ್ಣೀರು ಹಾಕಿ, ಒಂದು ಚಮಚ ತುಪ್ಪ ಹಾಕಿ ಉಜ್ಜಿ.

ಸುಮ್ನಿರಪ್ಪ
ನನಗೆ ಬೇರೆ ಕೆಲಸ ಇಲ್ಲವಾ?

ಹಳೇಸ್ಕೂಟರ್
ಅಯ್ಯೋ, ಜಗಳ ಬೇಡ. ಈ ಒರಳುಕಲ್ಲಿನ ವಿಷಯ ಅಮ್ಮನ ಕಿವಿಗೆ ಬಿದ್ದರೆ ನನ್ನ ಜೊತೆಗೂ ಮಾತು ಬಿಡುತ್ತಾರೆ.

ಮಾಗಡಿರೋಡ್
ನಮ್ಮ ಮನೆಯಲ್ಲಿ ನಿನ್ನೆ ರಾತ್ರಿ ಮಾಡಿ ನೋಡಿದೆವು! ಒರಳು ಇಲ್ಲ, ಚಪಾತಿ ಲಟ್ಟಿಸುವ ಕಲ್ಲಿನ ಮಣೆ. ಬೆಳ್ಳಗಾಯಿತು, ಆದರೆ ಬೆಣ್ಣೆಯಷ್ಟು ಗಟ್ಟಿ ಬರಲಿಲ್ಲ. ಸೆಖೆ ಇತ್ತು, ಕರಗುತ್ತಲೇ ಇತ್ತು. ಆಮೇಲೆ ಆ ಮಣೆಯ ಜಿಡ್ಡು ತೊಳೆಯಲು ನನಗೇ ಹೇಳಿದರು.

ಸುಮ್ನಿರಪ್ಪ
ನೋಡಿ, ಗಟ್ಟಿ ಬರಲಿಲ್ಲವಂತೆ. ಗವಿಯಲ್ಲಿ ಬೇಸಿಗೆಯಲ್ಲೂ ಬರುತ್ತದೆ. ನಾನು ಹೇಳಿದ್ದು ಇದನ್ನೇ.

ಲ್ಯಾಬ್‌ಕೋಟು
ಗವಿಯ ಮೇಲೆ ಇಡೀ ಬೆಟ್ಟ ಕೂತಿದೆ ಸಾರ್. ಬೇಸಿಗೆ ಅದರೊಳಗೆ ಇಳಿಯುವುದಿಲ್ಲ. ಇವರ ಮಣೆ ಇರುವುದು ಗ್ಯಾಸ್ ಒಲೆಯ ಪಕ್ಕ.

ಗವಿಪುರದವಳು
ನಾನು ನಂಬುವವಳೇ. ಆದರೂ ಒಂದು ಮಾತು ಕೇಳುತ್ತೇನೆ. ತುಪ್ಪ ಬೆಣ್ಣೆ ಆಗದಿದ್ದರೆ ಹೊತ್ತ ಹರಕೆ ತೀರುವುದಿಲ್ಲವಾ? ಅಭಿಷೇಕ ಮಾಡಿಸುತ್ತೇನೆ ಎಂದರು, ಮಾಡಿಸುತ್ತಾರೆ. ಮುಗಿಯಿತು. ನಮ್ಮಮ್ಮ ಕೂಡ ಪ್ರಸಾದ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರೇ ಹೊರತು ಅದು ಬೆಣ್ಣೆಯಾ ತುಪ್ಪವಾ ಎಂದು ನೆಕ್ಕಿ ಪರೀಕ್ಷೆ ಮಾಡಲಿಲ್ಲ. ಪವಾಡ ಪವಾಡ ಎಂದು ವಿಡಿಯೋ ಮಾಡಿ ಹಾಕುವವರಿಂದಲೇ ಈ ವಾದ ಶುರುವಾಗಿದ್ದು.

ಲ್ಯಾಬ್‌ಕೋಟು
ಇದಕ್ಕೆ ನನ್ನ ತಕರಾರಿಲ್ಲ. ಆದರೆ "ಕಾಯಿಲೆ ವಾಸಿಯಾಗುತ್ತದೆ" ಎಂದು ಮಾತ್ರೆ ಬಿಟ್ಟು ಇದನ್ನು ಹಚ್ಚಿಕೊಂಡು ಕೂರುವವರಿಗೆ ಹೇಳಲೇಬೇಕು. ಅಲ್ಲಿ ಸುಮ್ಮನಿರಲು ಆಗುವುದಿಲ್ಲ.

ತುಪ್ಪದದೋಸೆ
ನಮ್ಮತ್ತೆ ಮಾತ್ರೆ ಬಿಟ್ಟಿರಲಿಲ್ಲ ಕಣ್ರೀ. ಎರಡೂ ನಡೆಯುತ್ತಿತ್ತು.

ಚಾರಣಪ್ರಿಯ
ಯಾರೂ ಮೇಲಿನ ಬೆಟ್ಟದ ಬಗ್ಗೆ ಮಾತಾಡುತ್ತಿಲ್ಲ. ಶಿವಗಂಗೆಗೆ ಹೋಗಿ ಮೇಲೆ ಹತ್ತದೆ ಬಂದರೆ ಏನು ನೋಡಿದ ಹಾಗಾಯಿತು ಗುರೂ? ತುದಿ ಸಮುದ್ರಮಟ್ಟದಿಂದ ಸುಮಾರು 4,500 ಅಡಿ. ತುದಿಯ ನಂದಿಯನ್ನು ಒಂದೇ ಬಂಡೆಯಲ್ಲಿ ಕೆತ್ತಿದ್ದಾರೆ. ಸುತ್ತು ಹಾಕುವ ಜಾಗ ಎಷ್ಟು ಕಿರಿದು ಎಂದರೆ ಎದುರಿಗೆ ಒಬ್ಬರು ಬಂದರೆ ಯಾರಾದರೂ ಹಿಂದಕ್ಕೆ ಹೋಗಲೇಬೇಕು. ಅಲ್ಲಿ ಉಳಿ ಹಿಡಿದು ನಿಂತು ಕೆತ್ತಿದವನು ಎಂಥ ಎದೆಗಾರ ಇರಬೇಕು!

ಅಲ್ಲೇ ಪಕ್ಕದ ಪ್ರಪಾತದಿಂದ ಹೊಯ್ಸಳರ ರಾಣಿ ಶಾಂತಲೆ ಹಾರಿ ಪ್ರಾಣ ಬಿಟ್ಟಿದ್ದು. ಮಕ್ಕಳಾಗಲಿಲ್ಲ, ರಾಜ್ಯಕ್ಕೆ ವಾರಸುದಾರ ಬೇಕು, ತಾನು ಇರುವವರೆಗೆ ವಿಷ್ಣುವರ್ಧನ ಬೇರೆಯವಳನ್ನು ಕಣ್ಣೆತ್ತಿ ನೋಡುವುದಿಲ್ಲ ಎಂದು ಹಾರಿದಳು. ಅಲ್ಲಿ ನಿಂತು ಕೆಳಗೆ ನೋಡಿದರೆ ಮೈ ಜುಮ್ ಎನ್ನುತ್ತದೆ.

ಶಾಸನಹುಚ್ಚು
ಸ್ವಲ್ಪ ತಾಳಿ. ಹಾರಿದಳು ಎನ್ನುವುದಕ್ಕೆ ಯಾವ ಶಾಸನದ ಆಧಾರವೂ ಇಲ್ಲ.

ಶಾಂತಲೆ ಶಿವಗಂಗೆಯಲ್ಲಿ ತೀರಿಕೊಂಡಿದ್ದು ನಿಜ. ಶ್ರವಣಬೆಳಗೊಳದ ಸವತಿಗಂಧವಾರಣ ಬಸದಿಯ ಶಾಸನದಲ್ಲಿದೆ. ಆ ಬಸದಿಯನ್ನು 1123ರಲ್ಲಿ ಕಟ್ಟಿಸಿದವಳು ಅವಳೇ. ಶಕ ವರ್ಷ 1053, ಅಂದರೆ ಕ್ರಿ.ಶ. 1131ರ ಚೈತ್ರದಲ್ಲಿ ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳು ಎಂದು ಅದು ಹೇಳುತ್ತದೆ. ಹೇಗೆ ಎಂದು ಹೇಳುವುದಿಲ್ಲ. ಬೆಟ್ಟ, ಪ್ರಪಾತ, ಹಾರಿದ್ದು ಏನೂ ಇಲ್ಲ. ಅವಳು ಜೈನಳು, ಸಲ್ಲೇಖನ (ಉಪವಾಸವಿದ್ದು ದೇಹ ಬಿಡುವ ವ್ರತ) ಮಾಡಿರಬಹುದು ಎಂದು ಕೆಲವು ವಿದ್ವಾಂಸರ ಊಹೆ. ಕಾಯಿಲೆಯೂ ಇರಬಹುದು.

ಶಾಸನದಲ್ಲಿ ನನ್ನ ಮನಸ್ಸಿಗೆ ತಟ್ಟಿದ್ದು ಅವಳ ತಾಯಿ ಮಾಚಿಕಬ್ಬೆಯ ಭಾಗ. ಮಗಳು ಹೋದ ಮೇಲೆ ನಾನು ಇರಲಾರೆ ಎಂದು ಬೆಳಗೊಳಕ್ಕೆ ಬಂದು ಉಪವಾಸ ವ್ರತ ಹಿಡಿದು ದೇಹ ಬಿಟ್ಟಳು. ನಾಟಕ, ಕಾದಂಬರಿಗಳಲ್ಲಿ ಈ ಮುದುಕಿಗೆ ಜಾಗವೇ ಇಲ್ಲ. ಎಲ್ಲರಿಗೂ ಸುಂದರಿ ರಾಣಿ ಪ್ರಪಾತಕ್ಕೆ ಹಾರುವುದೇ ಬೇಕು.

ಚಾರಣಪ್ರಿಯ
ಮತ್ತೆ ಅಲ್ಲಿ ಫಲಕ ಹಾಕಿದ್ದಾರಲ್ಲ? ಇಡೀ ಊರು ಹೇಳುತ್ತದಲ್ಲ?

ಶಾಸನಹುಚ್ಚು
ಊರು ಹೇಳುವುದು ಐತಿಹ್ಯ. ಅದಕ್ಕೂ ಬೆಲೆ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಇನ್ನೊಬ್ಬ ರಾಣಿ ಲಕ್ಷ್ಮೀದೇವಿಯ ಮಗ ನರಸಿಂಹ ಮುಂದೆ ಪಟ್ಟಕ್ಕೆ ಬಂದ. ಆಮೇಲೆ ನಡೆದದ್ದನ್ನು ನೋಡಿ ಹಿಂದಿನದಕ್ಕೆ ಕಾರಣ ಕಟ್ಟಿದ ಕತೆ ಇದು ಎನ್ನುವುದು ನನ್ನ ಅಭಿಪ್ರಾಯ.

ಗವಿಪುರದವಳು
ಶಾಂತಲೆಯ ತಂದೆ ಶೈವ, ತಾಯಿ ಜೈನಳು ಅಲ್ವಾ? ಹಾಗಾದರೆ ಅವಳು ಶಿವಗಂಗೆಗೆ ಬಂದಿದ್ದರಲ್ಲಿ ಆಶ್ಚರ್ಯವೇನಿದೆ. ತವರಿನ ಕಡೆಯ ದೇವರಿಗೆ ಬಂದಿರಬಹುದು.

ಶಾಸನಹುಚ್ಚು
ಹೌದು, ತಂದೆ ಮಾರಸಿಂಗಯ್ಯ ಶೈವ. ಒಂದೇ ಮನೆಯಲ್ಲಿ ಅಪ್ಪನಿಗೆ ಒಂದು ದೇವರು, ಅಮ್ಮನಿಗೆ ಒಂದು. ಗಂಡನಿಗೆ ಇನ್ನೊಂದು. ನಡೆದುಕೊಂಡು ಹೋಗುತ್ತಿತ್ತು.

ಸುಮ್ನಿರಪ್ಪ
ಮೊದಲು ತುಪ್ಪ ಹೋಯಿತು, ಈಗ ಶಾಂತಲೆ ಹೋದಳು. ಇನ್ನು ಉಳಿದಿರುವುದು ನಂದಿ. ಅದನ್ನೂ ಇಲ್ಲ ಎನ್ನಿ.

ದಾಬಸ್‌ಪೇಟೆಲೋಕಲ್
😂 ನಂದಿ ಇದೆ ಸಾರ್, ನಾನು ಗ್ಯಾರಂಟಿ.

ದೂರದೂರು
ನಾನು ಓದುತ್ತಿರುವುದು ನ್ಯೂಜೆರ್ಸಿಯಿಂದ. ನಮ್ಮ ಮನೆದೇವರು ಶಿವಗಂಗೆ. ತಾತನ ಹೆಸರು ಗಂಗಯ್ಯ, ಅವರ ತಮ್ಮ ಹೊನ್ನಯ್ಯ, ಅಜ್ಜಿ ಹೊನ್ನಮ್ಮ, ದೊಡ್ಡಪ್ಪ ಗಂಗಾಧರಯ್ಯ. ಮದುವೆ ಪತ್ರಿಕೆ ನೋಡಿದವರು ಗಂಡಿನ ಕಡೆ ಯಾರು, ಹೆಣ್ಣಿನ ಕಡೆ ಯಾರು ಎಂದು ಗೊತ್ತಾಗದೆ ತಲೆ ಕೆರೆದುಕೊಳ್ಳುತ್ತಿದ್ದರು. ನೆಲಮಂಗಲ, ಮಾಗಡಿ, ತುಮಕೂರು ಕಡೆ ಹೋಗಿ ಜನರ ಮಧ್ಯೆ "ಗಂಗಣ್ಣಾ" ಎಂದು ಕೂಗಿದರೆ ನಾಲ್ಕು ಜನ ತಿರುಗುತ್ತಾರೆ. ಇಲ್ಲಿ ನನ್ನ ಮಗನಿಗೂ ಗಂಗಾಧರ ಎಂದೇ ಇಟ್ಟಿದ್ದೇವೆ. ಸ್ಕೂಲಿನಲ್ಲಿ ಗ್ಯಾಂಗ್ಸ್ ಎನ್ನುತ್ತಾರೆ, ಏನು ಮಾಡುವುದು.

ಮಾಗಡಿರೋಡ್
ಗ್ಯಾಂಗ್ಸ್ ಗಂಗಾಧರ. ಹೊಸ ಸಿನಿಮಾಗೆ ಟೈಟಲ್ ಸಿಕ್ಕಿತು.

ಅಜ್ಜಿಮನೆ
ಒಳಕಲ್ಲು ತೀರ್ಥದ ಬಗ್ಗೆ ಯಾರೂ ಹೇಳಲಿಲ್ಲ. ಬಂಡೆಯೊಳಗೆ ಒರಳಿನ ಗುಳಿಯಂತೆ ಇದೆ. ಕೈ ಇಳಿಬಿಟ್ಟರೆ ಪುಣ್ಯ ಮಾಡಿದವರಿಗೆ ನೀರು ಸಿಗುತ್ತದೆ, ಪಾಪಿಗಳಿಗೆ ಸಿಗುವುದಿಲ್ಲ ಎಂದು ನಂಬಿಕೆ. ಜನ ನೆಲಕ್ಕೆ ಮೈ ಒತ್ತಿ ಭುಜದವರೆಗೂ ಕೈ ತೂರಿಸುತ್ತಾರೆ. ನಮ್ಮ ಮಾವನವರಿಗೆ ಸಿಗಲಿಲ್ಲ. ಅವತ್ತಿನಿಂದ ಅತ್ತೆಗೆ ಮನೆಯಲ್ಲಿ ಒಂದು ದೊಡ್ಡ ಅಸ್ತ್ರ ಸಿಕ್ಕಿತು.

ಲ್ಯಾಬ್‌ಕೋಟು
ಉದ್ದ ಕೈ ಇರುವವರೆಲ್ಲ ಪುಣ್ಯವಂತರು.

ಮಾಗಡಿರೋಡ್
ನಮ್ಮ ಕಡೆಯ ರಾಜಕಾರಣಿಗಳಿಗೆ ಖಂಡಿತ ಸಿಗುತ್ತದೆ ಹಾಗಾದರೆ.

ದಾಬಸ್‌ಪೇಟೆಲೋಕಲ್
ಮಳೆಗಾಲ ಮುಗಿದ ಮೇಲೆ ಬನ್ನಿ, ಆಗ ಪಾಪಿಗಳಿಗೂ ಸಿಗುತ್ತದೆ.

ಪಾತಾಳಗಂಗೆಯದು ಮಾತ್ರ ಬೇರೆ. ಅದೂ ಗವಿ, ಒಳಗೆ ವರ್ಷಪೂರ್ತಿ ನೀರು. ಬೇಸಿಗೆಯಲ್ಲಿ ನೀರು ಮೇಲೆ ಬರುತ್ತದೆ, ಮಳೆಗಾಲದಲ್ಲಿ ಕೆಳಗೆ ಇಳಿಯುತ್ತದೆ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬಂಡೆಯ ಬಿರುಕಿನಲ್ಲಿ ಇಳಿದು ಬರಲು ತಿಂಗಳುಗಟ್ಟಲೆ ಆಗುತ್ತದೆ, ಅದಕ್ಕೇ ಹಾಗೆ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಲ್ಯಾಬ್‌ಕೋಟು ಅವರೇ, ನೀವೇನಂತೀರಿ?

ಲ್ಯಾಬ್‌ಕೋಟು
ನಿಮ್ಮ ಮೇಷ್ಟ್ರು ಹೇಳಿದ್ದು ಆಗುವ ಮಾತೇ. ನೀರಿನ ಮಟ್ಟವನ್ನು ಗೋಡೆಯ ಮೇಲೆ ಗುರುತು ಹಾಕಿ ತಿಂಗಳು ತಿಂಗಳು ಬರೆದಿಟ್ಟರೆ ಎರಡು ವರ್ಷದಲ್ಲಿ ಗೊತ್ತಾಗುತ್ತದೆ. ನೀವು ಅಲ್ಲೇ ಇದ್ದೀರಲ್ಲ, ಶುರು ಮಾಡಿ.

ನೀರುನೆಲ
ನೀರಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕುಮುದ್ವತಿ ನದಿ ಹುಟ್ಟುವುದು ಇದೇ ಶಿವಗಂಗೆ ಬೆಟ್ಟದಲ್ಲಿ. ಹರಿದು ಹೋಗಿ ತಿಪ್ಪಗೊಂಡನಹಳ್ಳಿ ಹತ್ತಿರ ಅರ್ಕಾವತಿಗೆ ಸೇರುತ್ತದೆ. 1933ರಲ್ಲಿ ಅಲ್ಲಿ ಅಣೆಕಟ್ಟು ಕಟ್ಟಿ ಬೆಂಗಳೂರಿಗೆ ನೀರು ಕೊಟ್ಟರು. ಕಾವೇರಿ ಬರುವ ಮುಂಚೆ ನಮ್ಮ ಅಜ್ಜ ಅಜ್ಜಿಯರು ನಲ್ಲಿಯಲ್ಲಿ ಕುಡಿದಿದ್ದರಲ್ಲಿ ಶಿವಗಂಗೆಯ ಪಾಲೂ ಇತ್ತು. ತೀರ್ಥ ಬೇಕು ಎಂದು ಬಂಡೆಗೆ ಕೈ ತೂರಿಸುತ್ತೇವೆ. ಬೆಟ್ಟದ ಬುಡದಲ್ಲಿ ಹುಟ್ಟುವ ಹೊಳೆಯನ್ನು ಬೋರ್‌ವೆಲ್, ನೀಲಗಿರಿ ತೋಪು ಹಾಕಿ ಒಣಗಿಸಿದ್ದೇವೆ. ಮೇಲೆ ಹತ್ತುವವರು ಬಿಸಾಡುವ ಬಾಟಲಿ ಮಳೆ ಬಂದಾಗ ಅದೇ ಹೊಳೆಯ ದಾರಿ ಹಿಡಿಯುತ್ತವೆ.

ಚಾರಣಪ್ರಿಯ
ಬಾಟಲಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ವಾರಾಂತ್ಯದಲ್ಲಿ ಬ್ಲೂಟೂತ್ ಸ್ಪೀಕರ್ ಹೊತ್ತುಕೊಂಡು ಬರುವವರನ್ನೂ ಆ ಪಟ್ಟಿಗೆ ಸೇರಿಸಿ.

ಗವಿಪುರದವಳು
ನನ್ನ ಹೆಸರು ನೋಡಿ ಯಾರಾದರೂ ಕೇಳುತ್ತೀರೇನೋ ಎಂದು ಕಾಯುತ್ತಿದ್ದೆ. ಬೆಂಗಳೂರಿನ ನಮ್ಮ ಗವಿಪುರದಲ್ಲೂ ಗವಿ ಗಂಗಾಧರೇಶ್ವರ ಇದ್ದಾನೆ. ಅಲ್ಲಿಂದ ಶಿವಗಂಗೆಗೆ ಸುರಂಗ ಇದೆ ಎಂದು ಚಿಕ್ಕಂದಿನಿಂದ ಕೇಳಿದ್ದೇವೆ.

ಸಂಕ್ರಾಂತಿಯ ದಿನ ಎರಡೂ ಕಡೆ ವಿಶೇಷ. ಶಿವಗಂಗೆಯಲ್ಲಿ ಬೆಳಗಿನ ಜಾವ ಬೆಟ್ಟದ ತುದಿಯ ತೀರ್ಥದ ಕಂಬದ ಬುಡದಲ್ಲಿ ನೀರು ಉಕ್ಕುತ್ತದೆ ಎನ್ನುತ್ತಾರೆ. ಆ ತೀರ್ಥವನ್ನು ಕೆಳಗೆ ತಂದು ಗಂಗಾಧರೇಶ್ವರನ ಕಲ್ಯಾಣ ಮಾಡುತ್ತಾರೆ. ನಮ್ಮಲ್ಲಿ ಅದೇ ದಿನ ಸಂಜೆ ಸೂರ್ಯನ ಕಿರಣ ಕಿಟಕಿಯಿಂದ ತೂರಿ, ನಂದಿಯ ಕೊಂಬುಗಳ ನಡುವೆ ಹಾದು ಲಿಂಗದ ಮೇಲೆ ಬೀಳುತ್ತದೆ. ಒಂದು ಕಡೆ ಬೆಳಗ್ಗೆ ಗಂಗೆ, ಇನ್ನೊಂದು ಕಡೆ ಸಂಜೆ ಸೂರ್ಯ. ಎರಡನ್ನೂ ಒಂದೇ ದಿನ ನೋಡಬೇಕೆಂದು ನನಗೆ ಆಸೆ. ತುಮಕೂರು ರಸ್ತೆಯ ಟ್ರಾಫಿಕ್ ಬಿಡಬೇಕಲ್ಲ.

ಮಾಗಡಿರೋಡ್
ಐವತ್ತು ಕಿಲೋಮೀಟರ್ ಸುರಂಗ ಇದ್ದರೆ ಮೆಟ್ರೋದವರಿಗೆ ಹೇಳಿ, ಹಳಿ ಹಾಕುವುದೊಂದೇ ಬಾಕಿ.

ಶಾಸನಹುಚ್ಚು
ಸುರಂಗ ಬಿಡಿ, ಸಂಬಂಧ ಇರುವುದು ನಿಜ. ಎರಡಕ್ಕೂ ನಡುವೆ ಕೆಂಪೇಗೌಡ ನಿಂತಿದ್ದಾನೆ. ಗವಿಪುರದ ದೇವಸ್ಥಾನವನ್ನು ಅವನ ಕಾಲದ್ದು ಎನ್ನುತ್ತಾರೆ. ಶಿವಗಂಗೆಯಲ್ಲಿ ಅವನ ಹೆಸರಿನ ಹಜಾರವೇ ಇದೆ. ಗಂಗಾಧರೇಶ್ವರನ ದೇವಸ್ಥಾನದಲ್ಲಿ ಅವನ ಲೋಹದ ಪ್ರತಿಮೆ ಇದೆ, 1609ರದ್ದು. ಬೆಂಗಳೂರು ಕಟ್ಟಿದವನ ಹಳೆಯ ಮುಖ ನೋಡಬೇಕಾದರೆ ಶಿವಗಂಗೆಗೆ ಹೋಗಬೇಕು. ಅಷ್ಟು ಜನ ಹೋಗುತ್ತಾರೆ, ಅದನ್ನು ನೋಡಿ ಬಂದೆ ಎಂದವರು ನನಗೆ ಕಡಿಮೆ ಸಿಕ್ಕಿದ್ದಾರೆ.

ಲ್ಯಾಬ್‌ಕೋಟು
ಗವಿಪುರದ ಕಿರಣ ನನಗೂ ಇಷ್ಟ. ಅದರಲ್ಲಿ ವಾದವೇ ಇಲ್ಲ. ಲೆಕ್ಕ ಹಾಕಿ ಕಟ್ಟಿದ್ದಾರೆ ಎಂದರೆ ನಾನೂ ಕೈ ಮುಗಿಯುತ್ತೇನೆ.

ಸುಮ್ನಿರಪ್ಪ
ಅಬ್ಬಾ, ಒಂದಕ್ಕಾದರೂ ಕೈ ಮುಗಿದರಲ್ಲ ಮಹಾರಾಯರು.

ಹೊಸಬ
ನಾನು ಹೋದ ವರ್ಷ ಶಿವಗಂಗೆಗೆ ಹೋಗಿದ್ದೆ. ಅಲ್ಲಿ ಸಾವಿರಾರು ಮಕ್ಕಳಿಗೆ ದಿನಾ ಊಟ ಹಾಕುತ್ತಾರೆ, ತುಂಬಾ ಚೆನ್ನಾಗಿದೆ. ಬೆಟ್ಟ ಚಿಕ್ಕದು.

ದಾಬಸ್‌ಪೇಟೆಲೋಕಲ್
@ಹೊಸಬ ಅದು ಸಿದ್ಧಗಂಗೆ ಮಠ ಸಾರ್, ತುಮಕೂರಿನ ಕ್ಯಾತ್ಸಂದ್ರದ ಹತ್ತಿರ. ಇದು ಶಿವಗಂಗೆ, ನೆಲಮಂಗಲ ತಾಲೂಕು. ಮ್ಯಾಪ್ ಹಾಕುವವರಿಗೂ ಹೇಳುತ್ತಿದ್ದೇನೆ, ಸುಮ್ನೆ ಶಿವಗಂಗೆ ಎಂದು ಇಂಗ್ಲಿಷಿನಲ್ಲಿ ಹೊಡೆದರೆ ತಮಿಳುನಾಡಿನ ಶಿವಗಂಗೈ ಜಿಲ್ಲೆ ತೋರಿಸಬಹುದು. ದಾಬಸ್‌ಪೇಟೆ ಹಾಕಿ. ತುಮಕೂರು ಹೆದ್ದಾರಿಯಲ್ಲಿ ದಾಬಸ್‌ಪೇಟೆಗೆ ಬಂದು ಎಡಕ್ಕೆ ತಿರುಗಿದರೆ ಬೆಟ್ಟ ಕಣ್ಣಿಗೇ ಕಾಣುತ್ತದೆ. ಪೂರ್ವದಿಂದ ನೋಡಿದರೆ ನಂದಿ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆ ಎತ್ತಿದ ಸರ್ಪ ಎನ್ನುತ್ತಾರೆ.

ಹೊಸಬ
ಹಾಗಾದರೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದಿದ್ದು ಮಾತ್ರ ಖಚಿತ.

ತುಪ್ಪದದೋಸೆ
ತಟ್ಟೆ ಇಡ್ಲಿಗೆ ಬಿಡದಿ ಹೋಗಬೇಕು.

ಮಾಗಡಿರೋಡ್
ಬಿಡದಿಯಾ? ಯಾವ ಕಾಲದಲ್ಲಿದ್ದೀರಿ ಅಕ್ಕಾ. ಕ್ಯಾತ್ಸಂದ್ರದ ಇಡ್ಲಿ, ಮೇಲೆ ಒಂದು ಉಂಡೆ ಬೆಣ್ಣೆ. ಅಸಲಿ ಬೆಣ್ಣೆ, ಲ್ಯಾಬ್‌ಕೋಟು ಅವರೂ ಒಪ್ಪುವಂಥದ್ದು.

ನಿರ್ವಾಹಕ
ಇಡ್ಲಿ ಚರ್ಚೆಗೆ ಬೇರೆ ಎಳೆ ಇದೆ. ಅಲ್ಲಿ ಈಗಾಗಲೇ ನಾಲ್ಕು ಜನ ಹೊಡೆದಾಡುತ್ತಿದ್ದಾರೆ. ದಯವಿಟ್ಟು ಅಲ್ಲಿಗೆ ಹೋಗಿ.

ಹಳೇಸ್ಕೂಟರ್
ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಕೆಳಗಿನ ದೇವಸ್ಥಾನದ ವಿಷಯ ಹೇಳಿದೆ. "ನಾನು ಮೊದಲೇ ಹೇಳಲಿಲ್ವಾ" ಎಂದು ತಮ್ಮನಿಗೆ ಕೇಳುವ ಹಾಗೆ ಹೇಳಿದರು. ಸಂಕ್ರಾಂತಿಗೇ ಹೋಗೋಣ ಎನ್ನುತ್ತಿದ್ದಾರೆ, ತೀರ್ಥವೂ ಸಿಗುತ್ತದಂತೆ. ಹೋಗಬಹುದಾ?

ದಾಬಸ್‌ಪೇಟೆಲೋಕಲ್
ಬೇಡ ಅಣ್ಣಾ. ಸಂಕ್ರಾಂತಿಯ ದಿನ ನಾವೇ ಊರಿನವರು ನುಗ್ಗಾಡುತ್ತೇವೆ. ಮಂಡಿ ನೋವಿನವರಿಗೆ ಆ ನೂಕುನುಗ್ಗಲು ಆಗುವುದಿಲ್ಲ. ಗವಿಯೊಳಗೆ ಗಾಳಿ ಕಡಿಮೆ, ಉಸಿರು ಕಟ್ಟುತ್ತದೆ. ಅಭಿಷೇಕವನ್ನು ನಿಧಾನವಾಗಿ ನೋಡುವುದಕ್ಕೂ ಬಿಡುವಿರುವುದಿಲ್ಲ. ಕಾರ್ತಿಕ ಸೋಮವಾರ, ಶಿವರಾತ್ರಿ ಕೂಡ ಹಾಗೆಯೇ. ಮಧ್ಯದ ಯಾವುದಾದರೂ ಮಂಗಳವಾರ ಬುಧವಾರ ಬನ್ನಿ. ಹೊರಡುವ ಮುಂಚೆ ಅಭಿಷೇಕದ ಸಮಯ ಫೋನಿನಲ್ಲಿ ಕೇಳಿಕೊಳ್ಳಿ.

ಅಜ್ಜಿಮನೆ
ನನಗೆ ಬೇರೆ ಅನ್ನಿಸುತ್ತದೆ. ಆ ವಯಸ್ಸಿನವರಿಗೆ ಜಾತ್ರೆಯ ಜನವೇ ಖುಷಿ. ಖಾಲಿ ದೇವಸ್ಥಾನಕ್ಕೆ ಕರೆದುಕೊಂಡು ಹೋದರೆ ನಮ್ಮಮ್ಮ "ಯಾರೂ ಇಲ್ಲವಲ್ಲೋ, ದೇವರಿದ್ದಾನಾ ಇಲ್ಲವಾ" ಎನ್ನುತ್ತಿದ್ದರು. ಒಂದು ದಿನ ಬಿಟ್ಟು ಹೋಗಿ. ಜನ ಕಡಿಮೆಯಾಗಿರುತ್ತದೆ, ಅಂಗಡಿ ಸಾಲು ಇನ್ನೂ ಇರುತ್ತದೆ, ಬಳೆ ಕೊಡಿಸಬಹುದು.

ಗವಿಪುರದವಳು
ಬಳೆ ಕೊಡಿಸುವುದಾದರೆ ನಾನೂ ಬರುತ್ತೇನೆ.

ಹಳೇಸ್ಕೂಟರ್
ಅಜ್ಜಿಮನೆ ಅವರ ಉಪಾಯವೇ ಒಳ್ಳೆಯದು ಅನ್ನಿಸುತ್ತದೆ. ತುಪ್ಪ ಎಷ್ಟು ಬೇಕು? ಅಲ್ಲೇ ಸಿಗುತ್ತದಾ, ತೆಗೆದುಕೊಂಡು ಹೋಗಬೇಕಾ?

ತುಪ್ಪದದೋಸೆ
ಅಂಗಡಿಗಳಲ್ಲೂ ಸಿಗುತ್ತದೆ. ಆದರೆ ಹರಕೆಯ ತುಪ್ಪ ಮನೆಯಲ್ಲಿ ಅಮ್ಮನೇ ಕಾಯಿಸಿದ್ದು ಆಗಲಿ. ಕಾಲು ಕೆಜಿ ಧಾರಾಳ ಸಾಕು. ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಗಟ್ಟಿ ಇರಲಿ. ಪ್ರಸಾದ ತರಲು ಇನ್ನೊಂದು ಖಾಲಿ ಡಬ್ಬಿ ಮರೆಯಬೇಡಿ. ಎಲೆಯಲ್ಲಿ ತಂದರೆ ನೆಲಮಂಗಲ ಟೋಲ್ ಬರುವಷ್ಟರಲ್ಲಿ ಕರಗಿ ಸೀಟೆಲ್ಲ ಜಿಡ್ಡಾಗುತ್ತದೆ.

ಲ್ಯಾಬ್‌ಕೋಟು
ಕರಗಿತಲ್ಲ, ಆಮೇಲೆ ತಳದಲ್ಲಿ ನೀರು ನಿಂತಿತ್ತಾ? ನಿಂತಿದ್ದರೆ…

ಸುಮ್ನಿರಪ್ಪ
ಶುರು ಮಾಡಿಕೊಂಡರು ಮತ್ತೆ.

ದಾಬಸ್‌ಪೇಟೆಲೋಕಲ್
ಬಾಳೆಹಣ್ಣು, ತೆಂಗಿನಕಾಯಿ ಕೈಯಲ್ಲಿ ಹಿಡಿದುಕೊಂಡು ಹತ್ತಬೇಡಿ ಅಣ್ಣಾ, ಕೋತಿಗಳು ಕಾಯುತ್ತಿರುತ್ತವೆ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೂ ಸಾಕು. ಬಟ್ಟೆ ಚೀಲಕ್ಕೆ ಹಾಕಿ, ಅದನ್ನು ತಮ್ಮನ ಹೆಗಲಿಗೆ ಹಾಕಿ. ಅಮ್ಮನ ಕೈ ಖಾಲಿ ಇರಲಿ, ಒಂದರಲ್ಲಿ ಕೋಲು, ಇನ್ನೊಂದರಲ್ಲಿ ನೀವು. ಗಾಡಿಯನ್ನು ಕಲ್ಯಾಣಿ ದಾಟಿ ಮೆಟ್ಟಿಲಿನ ಹತ್ತಿರಕ್ಕೇ ತರಬಹುದು, ಜನ ಕಡಿಮೆ ಇದ್ದರೆ.